ಮತವಿಲ್ಲದವರ ಪರವಾಗಿ ಒಂದು ಪತ್ರ

ಕೇಳುವವರು: ನಿರಾಶ್ರಿತರಿಗೆ ನೆರವಾಗಿ ಎಂದು ಸಂಸದರಿಗೆ ಪತ್ರ ಬರೆಯೋಣ ಎನ್ನುತ್ತೀರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳ ಸಂಕಟಗಳೇ ಬೇರೆ. ಕಾಗಿಣಾ ನದಿ ಉಕ್ಕಿದರೆ ತೊಗರಿ ಹೊಲದಲ್ಲೇ ಕೊಳೆಯುತ್ತದೆ. ಮಳೆ ಕೈಕೊಟ್ಟರೆ ಚಿಂಚೋಳಿಯ ತಾಂಡಾಗಳಲ್ಲಿ ಮನೆಮನೆಗೂ ಬೀಗ ಬೀಳುತ್ತದೆ. ಶಹಾಬಾದಿನಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ದುಡಿಮೆ ಹುಡುಕಿಕೊಂಡು ಊರು ಬಿಟ್ಟವರಿದ್ದಾರೆ. ಹೇಳಿಕೊಳ್ಳಲು ನಮ್ಮದೇ ಇಷ್ಟಿರುವಾಗ, ಇಲ್ಲಿ ಕಣ್ಣಿಗೇ ಬೀಳದ ನಿರಾಶ್ರಿತರ ಹೆಸರಿನಲ್ಲಿ ಯಾಕೆ ಬರೆಯಬೇಕು?

ಬರೆಯುವವರು: ನೀವು ಹೇಳಿದ ಒಂದೊಂದು ಸಂಕಟದ ಹಿಂದೆಯೂ ಮತದಾರರಿದ್ದಾರೆ. ತೊಗರಿ ಬೆಳೆಗಾರರ ಸಿಟ್ಟು ಐದು ವರ್ಷಕ್ಕೊಮ್ಮೆಯಾದರೂ ಲೆಕ್ಕಕ್ಕೆ ಬರುತ್ತದೆ. ತಾಂಡಾದವರು ಮುಂಬೈಯಲ್ಲಿದ್ದರೂ ಚುನಾವಣೆ ಬಂದಾಗ ಅವರನ್ನು ಹುಡುಕಿಕೊಂಡು ಹೋಗುವವರಿರುತ್ತಾರೆ. ನಿರಾಶ್ರಿತರ ಬೆನ್ನಿಗೆ ಆ ಬಲ ಇಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರ ಮಾತು ಪ್ರಜಾಪ್ರತಿನಿಧಿಯ ಕಿವಿಗೆ ಬೀಳಬೇಕಾದರೆ, ಹೆಸರಿರುವ ಯಾರಾದರೂ ಅದನ್ನು ಹೇಳಬೇಕು. ಆ ಕೆಲಸವನ್ನು ಪ್ರಜೆಯ ಪತ್ರ ಮಾಡುತ್ತದೆ. ಆದರೆ ಪತ್ರದಲ್ಲಿ ಏನು ಕೇಳುತ್ತೇವೆ ಎಂಬುದು ಮುಖ್ಯ. ಕನಿಕರ ತೋರಿಸಿ ಎಂದು ಬೇಡಿದರೆ ಸಾಲದು. ಭಾರತ ಕನಿಕರ ತೋರಿಸಿದ ಸಂದರ್ಭಗಳು ಬೇಕಾದಷ್ಟಿವೆ. ಇಲ್ಲದ್ದು ನಿಯಮ. ಯಾರನ್ನು ನಿರಾಶ್ರಿತರೆಂದು ಒಪ್ಪಬೇಕು, ಅವರಿಗೆ ಯಾವ ಕಾಗದ ಕೊಡಬೇಕು, ಎಷ್ಟು ಕಾಲ ಇರಗೊಡಬೇಕು, ಇಲ್ಲ ಎಂದಾಗ ಅವರು ಎಲ್ಲಿ ಮೇಲ್ಮನವಿ ಸಲ್ಲಿಸಬೇಕು ಎಂಬುದನ್ನು ಹೇಳುವ ಒಂದು ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಅದನ್ನು ಕೇಳುವ ಪತ್ರ ಕಲಬುರಗಿ ಸೀಮೆಯಿಂದ ಹೋಗಬೇಕು ಎನ್ನಲು ನನಗೆ ಕಾರಣವಿದೆ. ಪ್ರಾಣಭಯದಿಂದ ಊರು ಬಿಟ್ಟು ಓಡುವುದು ಎಂದರೇನೆಂದು ಈ ಸೀಮೆಗೆ ಗೊತ್ತು.

ಕೇಳುವವರು: ರಜಾಕಾರರ ಹಾವಳಿಯ ಕಾಲ ನೆನಪಿಸುತ್ತೀರೆಂದು ಕಾಣುತ್ತದೆ. ಅದು ಮುಗಿದ ಕತೆ. ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜ ಹಾರಿಸಿ ನೆನೆಯುತ್ತೇವೆ. ಅದಕ್ಕೂ ಇಂದಿನ ನಿರಾಶ್ರಿತರಿಗೂ ಏನು ನಂಟು?

ಬರೆಯುವವರು: ಧ್ವಜ ಹಾರಿಸುವಾಗ ನಾವು ವಿಮೋಚನೆಯನ್ನು ನೆನೆಯುತ್ತೇವೆ, ಓಡಿದವರನ್ನು ಮರೆಯುತ್ತೇವೆ. 1947ರ ಆಗಸ್ಟ್ 15ರಿಂದ 13 ತಿಂಗಳ ಕಾಲ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಭಾರತದ ಒಕ್ಕೂಟದೊಳಗೆ ಇರಲಿಲ್ಲ. ಹೈದರಾಬಾದಿನ ನಿಜಾಮರ ಸರ್ಕಾರ ತಾನು ಸ್ವತಂತ್ರ ಎನ್ನುತ್ತಿತ್ತು. ಆ ತಿಂಗಳುಗಳಲ್ಲಿ ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರಿಗೆ ಹೆದರಿ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಸೊಲ್ಲಾಪುರ, ವಿಜಯಪುರ, ಗದಗದ ಕಡೆ ಹೋದವರು ಒಂದು ಆಡಳಿತದಿಂದ ಇನ್ನೊಂದು ಆಡಳಿತದ ನೆಲಕ್ಕೆ ಕಾಲಿಟ್ಟಿದ್ದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳು ನಡೆದದ್ದು ಆ ಗಡಿಯಾಚೆಗಿನ ನೆಲದಲ್ಲೇ. ಬಳಿಕ 1948ರ ಸೆಪ್ಟೆಂಬರ್ 13ರಂದು ಸೇನೆ ಬಂತು, 17ಕ್ಕೆ ನಿಜಾಮರು ಶರಣಾದರು. ಅಲ್ಲಿಗೆ ಓಟ ನಿಲ್ಲಲಿಲ್ಲ, ಓಡುವವರು ಬದಲಾದರು. ನೆಹರೂ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಆ ದಿನಗಳಲ್ಲಿ ಮತ್ತು ಆಮೇಲೆ ಹೈದರಾಬಾದ್ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ. ಒಂದೇ ವರ್ಷದೊಳಗೆ ಒಂದೇ ಸೀಮೆಯಲ್ಲಿ ಮೊದಲು ಹಿಂದೂಗಳು, ಆಮೇಲೆ ಮುಸ್ಲಿಮರು ಮನೆಯ ಬಾಗಿಲು ತೆರೆದಿಟ್ಟೇ ಓಡಿದರು. ಓಡುವವನ ಭಯಕ್ಕೆ ಧರ್ಮವಿಲ್ಲ ಎಂಬುದನ್ನು ಈ ನೆಲಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೂ ಒಂದು ಮಾತು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ 1942ರಲ್ಲಿ ಹುಟ್ಟಿದ ಒಂದು ಮಗು ಆ ಹಾವಳಿಯಲ್ಲಿ, ಮನೆಗೆ ಹಚ್ಚಿದ ಬೆಂಕಿಯಲ್ಲಿ ತಾಯಿಯನ್ನೂ ಸಹೋದರಿಯನ್ನೂ ಕಳೆದುಕೊಂಡಿತು. ಉಳಿದ ತಂದೆ ಮಗನನ್ನು ಕರೆದುಕೊಂಡು ಊರು ಬಿಟ್ಟು, ಕೊನೆಗೆ ಕಲಬುರಗಿಗೆ ಬಂದು ನೆಲೆಸಿದರು. ಆ ಮಗು ಮಲ್ಲಿಕಾರ್ಜುನ ಖರ್ಗೆ. 2009ರಲ್ಲೂ 2014ರಲ್ಲೂ ಇದೇ ಕ್ಷೇತ್ರ ಅವರನ್ನು ಲೋಕಸಭೆಗೆ ಕಳಿಸಿತು. ಪಕ್ಷ ಯಾವುದೇ ಇರಲಿ, ನಾನು ಹೇಳುತ್ತಿರುವುದು ಇಷ್ಟು: ಓಡಿಬಂದ ಮಗುವಿಗೆ ನೆಲೆ ಸಿಕ್ಕಿದರೆ ಅದು ಏನಾಗಬಲ್ಲದು ಎಂಬುದಕ್ಕೆ ಈ ಕ್ಷೇತ್ರದ ಚುನಾವಣಾ ದಾಖಲೆಯೇ ಸಾಕ್ಷಿ.

ಕೇಳುವವರು: ಒಪ್ಪೋಣ. ಆದರೂ ಅಂದು ಓಡಿದವರು ನಮ್ಮವರೇ, ಆಶ್ರಯ ಕೊಟ್ಟವರೂ ನಮ್ಮವರೇ. ಇವತ್ತು ಗುಳೆ ಹೋಗುವ ನಮ್ಮ ಜನರಿಗೆ ಪರಊರಿನಲ್ಲಿ ತಲೆಯ ಮೇಲೊಂದು ಸೂರಿಲ್ಲ. ಮೊದಲು ಅವರ ಬಗ್ಗೆ ಬರೆಯುವುದು ನ್ಯಾಯವಲ್ಲವೇ?

ಬರೆಯುವವರು: ಗುಳೆಯ ಬಗ್ಗೆಯೂ ಬರೆಯಬೇಕು. ಬೇರೆ ಕಾಗದದಲ್ಲಿ, ಬೇರೆ ಬೇಡಿಕೆಯೊಂದಿಗೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ. ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ಗಾಡಿಗೆ ಕಾದು ಕೂತ ಕುಟುಂಬವನ್ನು ನೋಡಿ. ಮುಂಬೈಗೆ ಹೋಗುವವರಿರಬಹುದು, ಹೈದರಾಬಾದಿಗೆ ಹೋಗುವವರಿರಬಹುದು. ಚೀಲದಲ್ಲಿ ಜೋಳದ ಹಿಟ್ಟು, ಕೊಡ, ಮಡಚಿದ ಕೌದಿ. ಅದರ ಜೊತೆಗೇ ಆಧಾರ್ ಕಾರ್ಡು, ರೇಷನ್ ಕಾರ್ಡು, ಮತದಾರರ ಚೀಟಿ ಇರುತ್ತವೆ. ಊರಿನಲ್ಲಿ ಬೀಗ ಹಾಕಿದ ಮನೆಯಿದೆ, ದೀಪಾವಳಿಗೆ ಮರಳುವ ದಾರಿಯಿದೆ. ಬಡತನ ಅವರನ್ನು ದೂಡಿದೆ, ಆದರೆ ಹುಟ್ಟಿದ ನಾಡು ಅವರನ್ನು ಹೊರಹಾಕಿಲ್ಲ. ನಿರಾಶ್ರಿತರಿಗೆ ಮರಳುವ ದಾರಿಯೇ ಮುಚ್ಚಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಹಿಂಸೆಯಾಗುತ್ತದೆಂಬ ನಿಜವಾದ ಭಯದಿಂದ ಸ್ವದೇಶದ ಹೊರಗಿದ್ದು, ಹಿಂತಿರುಗಲಾಗದವರು ಎಂದು 1951ರ ವಿಶ್ವಸಂಸ್ಥೆಯ ಒಡಂಬಡಿಕೆ ಅವರನ್ನು ಗುರುತಿಸುತ್ತದೆ. ಗುಳೆ ಹೋದವರು, ನಿರಾಶ್ರಿತರು, ನುಸುಳುಕೋರರು ಎಂಬ ಮೂರು ಮಾತುಗಳನ್ನು ನಮ್ಮ ಚರ್ಚೆಗಳು ಒಂದೇ ಗಂಟಿಗೆ ಕಟ್ಟುತ್ತವೆ. ಗಂಟು ಬಿಡಿಸದೆ ಬರೆದ ಪತ್ರವನ್ನು ಯಾವ ಸಂಸದರೂ ಮುಂದಕ್ಕೆ ಒಯ್ಯಲಾರರು. ಹಾಗೆಂದು ಗುಳೆಯ ಅನುಭವ ಇಲ್ಲಿ ವ್ಯರ್ಥವೇನಲ್ಲ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದ ನಮ್ಮದೇ ಜನರನ್ನು ಶಾಲೆಗಳಲ್ಲಿ ಇರಿಸಿದಾಗ, ಬಂದವರನ್ನು ರೋಗವೆಂದೇ ಕಂಡು ಹೆದರಿದ ಊರುಗಳಿದ್ದವು. ಆಗ ಕೆಲಸಕ್ಕೆ ಬಂದದ್ದು ವ್ಯವಸ್ಥೆ: ಹೆಸರು ಬರೆದುಕೊಳ್ಳುವುದು, ಪರೀಕ್ಷೆ ಮಾಡುವುದು, ದಿನ ಎಣಿಸಿ ಬಿಡುವುದು. ಭಯ ಇಳಿದದ್ದು ನಿಯಮ ಇದ್ದುದರಿಂದ.

ಕೇಳುವವರು: ನಿಯಮವಿಲ್ಲ ಎನ್ನುತ್ತೀರಿ, ಆದರೆ ದೇಶ ಯಾರನ್ನು ಕೈಬಿಟ್ಟಿದೆ? ಟಿಬೆಟಿನವರಿಗೆ ನಮ್ಮ ರಾಜ್ಯವೇ ನೆಲ ಕೊಟ್ಟಿತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ಜನರನ್ನು ಸಾಕಿದೆವು. ಕಾಯ್ದೆಯಿಲ್ಲದೆಯೇ ಇಷ್ಟು ಮಾಡಿದ ದೇಶಕ್ಕೆ ಈಗ ಕಾಯ್ದೆ ಯಾಕೆ?

ಬರೆಯುವವರು: ನಿಮ್ಮ ಉದಾಹರಣೆಗಳನ್ನೇ ಪಕ್ಕಪಕ್ಕ ಇಟ್ಟು ನೋಡೋಣ. 1959ರಲ್ಲಿ ದಲೈ ಲಾಮಾ ಬಂದ ಮೇಲೆ ಟಿಬೆಟಿನವರಿಗೆ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಸಿಕ್ಕಿತು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲ. ಅವರಿಗೆ ನೋಂದಣಿ ಪತ್ರ, ಶಾಲೆ, ಗುತ್ತಿಗೆಯ ಜಮೀನು ಎಲ್ಲ ಇದೆ. ಅದನ್ನೆಲ್ಲ ಒಂದು ನೀತಿಯಾಗಿ ಬರೆದಿಟ್ಟದ್ದು 2014ರಲ್ಲಿ. ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಸಿಂಧನೂರು ತಾಲ್ಲೂಕಿನಲ್ಲಿ, ಪೂರ್ವ ಪಾಕಿಸ್ತಾನ ಬಿಟ್ಟುಬಂದ ಬಂಗಾಳಿ ಕುಟುಂಬಗಳನ್ನು ಅರ್ಧ ಶತಮಾನದ ಹಿಂದೆ ನೆಲೆಗೊಳಿಸಿದರು. ಊರಿಗೆ ಊರಿನ ಹೆಸರಿಲ್ಲ, ಆರ್.ಎಚ್. (ಪುನರ್ವಸತಿ) ಕ್ಯಾಂಪ್ ಒಂದು, ಎರಡು, ಮೂರು ಎಂದೇ ಇವತ್ತಿಗೂ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಮಕ್ಕಳು ಕನ್ನಡ ಮಾತಾಡುತ್ತಾರೆ, ಭತ್ತ ಬೆಳೆಯುತ್ತಾರೆ. ಆದರೂ ಕ್ಯಾಂಪಿನ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿದ್ದು 2024ರಲ್ಲಿ. ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾಗಿರುವ ನಾಮಶೂದ್ರರು ಇಲ್ಲಿಯೂ ಆ ಪಟ್ಟಿಗೆ ಸೇರಿಸಿ ಎಂದು ಕೇಳುತ್ತಲೇ ಇದ್ದಾರೆ. ಸಂವಿಧಾನದ 341ನೇ ವಿಧಿಯಂತೆ ಆ ಪಟ್ಟಿಯನ್ನು ತಿದ್ದಬಲ್ಲದ್ದು ಸಂಸತ್ತು ಮಾತ್ರ. ಇತ್ತ ಶ್ರೀಲಂಕಾದ ತಮಿಳರು ತಮಿಳುನಾಡಿನ ಶಿಬಿರಗಳಲ್ಲಿ ತಲೆಮಾರು ಕಳೆದರು. ಸೇಡಂ, ಚಿಂಚೋಳಿಯವರು ಆಸ್ಪತ್ರೆಗೂ ಕೂಲಿಗೂ ಹೋಗುವ ಹೈದರಾಬಾದಿನ ಅಂಚಿನಲ್ಲೇ ರೋಹಿಂಗ್ಯಾ ಕುಟುಂಬಗಳು ಗುಡಿಸಲಲ್ಲಿವೆ. ಅವರ ಕೈಯಲ್ಲಿರುವುದು ವಿಶ್ವಸಂಸ್ಥೆಯ ಕಾರ್ಡು, ನಮ್ಮ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಒಂದೇ ಬಗೆಯ ಸಂಕಟಕ್ಕೆ ನಾಲ್ಕು ಬಗೆಯ ಉತ್ತರ. ಯಾಕೆಂದರೆ ಎಲ್ಲವೂ ಆಯಾ ಕಾಲದ ಸರ್ಕಾರದ ಆದೇಶದ ಮೇಲೆ ನಿಂತಿದೆ. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಬಹುದು. ಭಾರತ 1951ರ ಒಡಂಬಡಿಕೆಗೂ 1967ರ ಅದರ ಪೂರಕ ಒಪ್ಪಂದಕ್ಕೂ ಸಹಿ ಹಾಕಿಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಅದರಲ್ಲೂ ನಿರಾಶ್ರಿತರು ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಪ್ರವಾಸಿ, ವ್ಯಾಪಾರಿ, ಪ್ರಾಣ ಉಳಿಸಿಕೊಳ್ಳಲು ಓಡಿಬಂದವನು ಎಲ್ಲರೂ ಅದರ ಕಣ್ಣಿಗೆ ಬರೀ ವಿದೇಶಿಯರು.

ಕೇಳುವವರು: ಇಲ್ಲಿ ನನ್ನ ಗಟ್ಟಿಯಾದ ಆಕ್ಷೇಪವಿದೆ. ಬಂದವರಲ್ಲಿ ಯಾರು ಸಂಕಟದಿಂದ ಬಂದವರು, ಯಾರು ಕೇಡು ಬಗೆಯಲು ಬಂದವರು ಎಂದು ಹೇಗೆ ತಿಳಿಯುವುದು? ದೇಶದ ಭದ್ರತೆ ಮೊದಲಲ್ಲವೇ? ಬಾಗಿಲು ತೆರೆಯುವ ಕಾಯ್ದೆ ಮಾಡಿದರೆ ಜನ ಇನ್ನಷ್ಟು ಬರುತ್ತಾರೆ. ನೆಲ, ಕೆಲಸ, ಭಾಷೆ ಎಲ್ಲದಕ್ಕೂ ಹೊರೆ.

ಬರೆಯುವವರು: ಭದ್ರತೆಯ ಮಾತು ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು. ಯಾವುದು ಹೆಚ್ಚು ಅಪಾಯ ಹೇಳಿ: ಹೆಸರು, ಭಾವಚಿತ್ರ, ಬೆರಳಚ್ಚು ಕೊಟ್ಟು ನೋಂದಾಯಿಸಿಕೊಂಡು ಗೊತ್ತಾದ ವಿಳಾಸದಲ್ಲಿ ಇರುವವರೋ, ಸಿಕ್ಕಿಬಿದ್ದರೆ ಜೈಲು ಎಂದು ಹೆದರಿ ಗುತ್ತಿಗೆದಾರನ ನೆರಳಿನಲ್ಲಿ ಬಚ್ಚಿಟ್ಟುಕೊಳ್ಳುವವರೋ? ಬೈಲುಕುಪ್ಪೆಯಲ್ಲಿ ಯಾರಿದ್ದಾರೆ ಎಂಬುದು ಸರ್ಕಾರಕ್ಕೆ ಗೊತ್ತು, ಅವರಿಗೆ ನೋಂದಣಿ ಪತ್ರ ಇರುವುದರಿಂದ. ಕಾಯ್ದೆ ಎಂದರೆ ತೆರೆದ ಬಾಗಿಲಲ್ಲ. ಬಾಗಿಲಲ್ಲಿ ನಿಂತು ವಿಚಾರಿಸುವ ವಿಧಾನ. ಯುದ್ಧಾಪರಾಧ ಮಾಡಿದವರಿಗೆ, ಘೋರ ಅಪರಾಧ ಎಸಗಿದವರಿಗೆ ನಿರಾಶ್ರಿತ ಸ್ಥಾನವಿಲ್ಲ ಎಂದು 1951ರ ಒಡಂಬಡಿಕೆಯೇ ಹೇಳುತ್ತದೆ. ನಮ್ಮ ಕಾಯ್ದೆಯೂ ಹೇಳಲಿ. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ಪ್ರಜೆಗಳಿಗಷ್ಟೇ ಅಲ್ಲ, ಈ ನೆಲದಲ್ಲಿರುವ ಪ್ರತಿ ವ್ಯಕ್ತಿಗೂ ಇದೆ ಎಂದಿತು. 2021ರಲ್ಲಿ ರೋಹಿಂಗ್ಯಾಗಳ ವಿಷಯ ಬಂದಾಗ ಅದೇ ನ್ಯಾಯಾಲಯ, ಕಾನೂನು ಹೇಳಿದ ಕ್ರಮ ಅನುಸರಿಸದೆ ಗಡೀಪಾರು ಮಾಡಬಾರದು ಎಂದಷ್ಟೇ ಹೇಳಿತು. ಕ್ರಮದಲ್ಲಿ ಆಶ್ರಯ ಕೇಳುವ ಅವಕಾಶವೇ ಇಲ್ಲದಿದ್ದರೆ ನ್ಯಾಯಾಲಯವಾದರೂ ಏನು ಮಾಡೀತು? ಅದಕ್ಕೇ ಶಾಸನ ಬೇಕು. ಹೊರೆಯ ಮಾತಿಗೆ ಬನ್ನಿ. 1971ರಲ್ಲಿ ಬಂದ ಒಂದು ಕೋಟಿ ಜನರಲ್ಲಿ ಬಹುಪಾಲು ಜನ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ತಮ್ಮ ನಾಡಿಗೆ ಹಿಂತಿರುಗಿದರು. ಆಶ್ರಯ ಎಂದರೆ ಶಾಶ್ವತ ಒಡೆತನ ಎಂದೇನಲ್ಲ. ಇಲ್ಲಿನ ಉದ್ಯೋಗ ಹೋಗುತ್ತದೆಂಬ ಭಯಕ್ಕೂ ಆಧಾರವಿಲ್ಲ. ಈ ಸೀಮೆಗೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇರುವುದು ಸ್ಥಳೀಯರಿಗೆ, ಅದನ್ನು ನಿರಾಶ್ರಿತರ ಕಾಯ್ದೆ ಮುಟ್ಟುವುದಿಲ್ಲ.

ಧರ್ಮದ ಮಾತನ್ನು ನೀವು ಬಾಯಿಬಿಟ್ಟು ಎತ್ತಲಿಲ್ಲ, ಆದರೆ ಅದು ನಮ್ಮಿಬ್ಬರ ನಡುವೆ ಕೂತಿದೆ. 2019ರ ಪೌರತ್ವ ತಿದ್ದುಪಡಿ ಮೂರು ದೇಶಗಳಿಂದ ಬಂದ ಆರು ಧರ್ಮದವರನ್ನು ಹೆಸರಿಸಿತು. ಅವರಿಗೆ ಸಿಕ್ಕ ನೆರವನ್ನು ಕಿತ್ತುಕೊಳ್ಳಿ ಎಂದು ನಾನು ಬರೆಯುವುದಿಲ್ಲ. ಸಿಂಧನೂರಿನವರ ಅರ್ಧ ಶತಮಾನದ ಕಾಯುವಿಕೆ ಮುಗಿಯಬೇಕಾದದ್ದೇ. ನಾನು ಕೇಳುವುದು, ಹಿಂಸೆಗೆ ಸಿಕ್ಕಿದ್ದಾರೋ ಇಲ್ಲವೋ ಎಂಬ ಒಂದೇ ಅಳತೆಗೋಲನ್ನು ಎಲ್ಲರಿಗೂ ಹಿಡಿಯಿರಿ ಎಂದು. ಈ ಅಳತೆಗೋಲು ಪರದೇಶದಿಂದ ತಂದದ್ದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ ನೋಡಿ. ಭೀಮೆಯ ದಂಡೆಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದೊಳಗಿನ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ಬೆಳಕಿಗೆ ಬಂತು. ಮೂರ್ತಿ ನಿಲ್ಲಿಸಲು ಯಾರೋ ಅದರ ನಟ್ಟನಡುವೆ ಚೌಕವಾಗಿ ಕೊರೆದಿದ್ದರು. ಕೊರೆದ ಜಾಗದ ಅಕ್ಷರಗಳು ಹೋಗಿದ್ದವು, ಸುತ್ತಲಿನವು ಉಳಿದಿದ್ದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ. ಅದರಲ್ಲಿರುವ 12ನೇ ಶಾಸನ ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ಹಳಿಯಬೇಡಿ ಎನ್ನುತ್ತದೆ. ಜೊತೆಗಿರುವ ಎರಡು ಪ್ರತ್ಯೇಕ ಶಾಸನಗಳು ಅಧಿಕಾರಿಗಳಿಗೆ ಬರೆದವು: ಎಲ್ಲ ಜನರೂ ನನಗೆ ಮಕ್ಕಳಂತೆ, ಕಾರಣವಿಲ್ಲದೆ ಯಾರನ್ನೂ ಬಂಧನದಲ್ಲಿಡಬೇಡಿ, ಗಡಿಯಾಚೆಯ ಜನ ನನ್ನನ್ನು ಕಂಡು ಹೆದರದಂತೆ ನಡೆದುಕೊಳ್ಳಿ ಎಂಬುದು ಅವುಗಳ ಸಾರ. ಅರಸ ಅಧಿಕಾರಿಗಳಿಗೆ ಬರೆದ ಆ ಕಾಗದ ಕಲ್ಲಿನಲ್ಲಿ ಉಳಿದಿದೆ. ಈಗ ಅರಸರಿಲ್ಲ. ಅದೇ ಮಾತನ್ನು ಅಧಿಕಾರದಲ್ಲಿರುವವರಿಗೆ ಬರೆಯಬೇಕಾದ ಸರದಿ ಪ್ರಜೆಗಳದ್ದು.

ಕೇಳುವವರು: ಮಾತು ಸರಿ. ಆದರೆ ಒಬ್ಬ ಸಂಸದರಿಂದ ಆಗುವುದೇನು? ಶಶಿ ತರೂರ್ 2015ರಲ್ಲೂ 2022ರಲ್ಲೂ ಆಶ್ರಯ ಕುರಿತ ಖಾಸಗಿ ಮಸೂದೆ ಮಂಡಿಸಿದರು, ಅದು ಅಲ್ಲೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಕಾಯ್ದೆಯಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ನಮ್ಮ ಪತ್ರ ಕಸದ ಬುಟ್ಟಿ ಸೇರುವುದಿಲ್ಲ ಎಂದು ಯಾವ ನಂಬಿಕೆ?

ಬರೆಯುವವರು: ಆ ನಂಬಿಕೆಗೆ ಚಿಂಚೋಳಿಯಲ್ಲೇ ಆಧಾರವಿದೆ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ಹೋರಾಡಿದ ವೈಜನಾಥ ಪಾಟೀಲರು ಆ ಕ್ಷೇತ್ರದ ಶಾಸಕರಾಗಿದ್ದವರು. ಕೇಂದ್ರ ಸರ್ಕಾರ ಮೊದಲು ಆಗದು ಎಂದಿತು. ಮನವಿ, ಧರಣಿ, ಬಂದ್, ಮತ್ತೆ ಮನವಿ ಎಂದು ವರ್ಷಗಟ್ಟಲೆ ನಡೆದು, ಎಲ್ಲ ಪಕ್ಷಗಳವರೂ ಅದೇ ಮಾತು ಆಡತೊಡಗಿದ ಮೇಲೆ ಸಂವಿಧಾನದ 98ನೇ ತಿದ್ದುಪಡಿಯಾಯಿತು, 371ಜೆ ಬಂತು. ಆಗದು ಎಂಬ ಉತ್ತರ ಕೊನೆಯ ಉತ್ತರವಲ್ಲ ಎಂದು ನಮ್ಮ ಸೀಮೆಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಖಾಸಗಿ ಮಸೂದೆಗೂ ಬೆಲೆಯಿದೆ. 2015ರಲ್ಲಿ ತಿರುಚಿ ಶಿವ ಅವರ ತೃತೀಯ ಲಿಂಗಿಗಳ ಹಕ್ಕುಗಳ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು, 2019ರಲ್ಲಿ ಸರ್ಕಾರವೇ ಕಾಯ್ದೆ ತಂದಿತು. ಅದಕ್ಕಿಂತ ಸಣ್ಣ ದಾರಿಯೂ ಇದೆ. ಲೋಕಸಭೆಯ ಸದಸ್ಯರು 15 ದಿನ ಮುಂಚೆ ಸೂಚನೆ ಕೊಟ್ಟು ಗೃಹ ಸಚಿವಾಲಯಕ್ಕೆ ಪ್ರಶ್ನೆ ಕೇಳಬಹುದು, ಉತ್ತರ ಬರವಣಿಗೆಯಲ್ಲಿ ಬರುತ್ತದೆ, ಕಡತದಲ್ಲಿ ಉಳಿಯುತ್ತದೆ. ನಿಯಮ 377ರ ಅಡಿ ವಿಷಯ ಎತ್ತಬಹುದು. ಅದಕ್ಕೆ ಆಳುವ ಪಕ್ಷದಲ್ಲಿರಬೇಕಾಗಿಲ್ಲ.

ಆದ್ದರಿಂದ ಪತ್ರ ಹೀಗಿರಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿವೆ. ಚಿಂಚೋಳಿ ಇರುವುದು ಬೀದರ್ ಕ್ಷೇತ್ರದಲ್ಲಿ. ಹಾಗಾಗಿ ಎರಡು ಪತ್ರ, ಇಬ್ಬರು ಸಂಸದರಿಗೆ, ಬೇಡಿಕೆ ಒಂದೇ. ಬರೆಯುವುದು ಕನ್ನಡದಲ್ಲೇ, ಕುಂದುಕೊರತೆಯನ್ನು ದೇಶದ ಅಥವಾ ರಾಜ್ಯದ ಯಾವುದೇ ಭಾಷೆಯಲ್ಲಿ ಬರೆದು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮೊದಲ ಸಾಲಿನಲ್ಲಿ ನಾವು ಯಾರು, ಯಾವ ಊರಿನ ಮತದಾರರು ಎಂಬುದು. ಆಮೇಲೆ ಒಂದು ಬೇಡಿಕೆ: ಧರ್ಮ, ದೇಶ ನೋಡದೆ ಹಿಂಸೆಯ ಭಯವನ್ನು ಅಳೆಯುವ ನಿರಾಶ್ರಿತರ ಕಾಯ್ದೆ. ಒಂದು ಪ್ರಶ್ನೆ: ದೇಶದಲ್ಲಿರುವ ನಿರಾಶ್ರಿತರಲ್ಲಿ ಎಷ್ಟು ಜನರಿಗೆ ಸರ್ಕಾರದ ಗುರುತು ಪತ್ರವಿದೆ, ಎಷ್ಟು ಮಕ್ಕಳು ಶಾಲೆಯಲ್ಲಿದ್ದಾರೆ ಎಂದು ಸದನದಲ್ಲಿ ಕೇಳಿ. ಒಂದು ಹತ್ತಿರದ ವಿಷಯ: ಸಿಂಧನೂರು ಕ್ಯಾಂಪುಗಳ ಪೌರತ್ವ ಮತ್ತು ಜಾತಿ ಪಟ್ಟಿಯ ಬೇಡಿಕೆ ಎಲ್ಲಿಗೆ ಬಂತು ಎಂದು ವಿಚಾರಿಸಿ. ಒಂದು ಹಾಳೆ ದಾಟಬಾರದು.

ಕೇಳುವವರು: 1948ರ ಮಾತು ಅದರಲ್ಲಿರಲಿ. ಆದರೆ ಒಂದು ಕಡೆಯದ್ದು ಮಾತ್ರ ಬರೆದರೆ ನಾನು ಸಹಿ ಹಾಕುವುದಿಲ್ಲ. ಸೆಪ್ಟೆಂಬರ್ 17ಕ್ಕೆ ಮುಂಚೆ ಓಡಿದವರೂ ಇರಲಿ, ಆಮೇಲೆ ಓಡಿದವರೂ ಇರಲಿ.

ಬರೆಯುವವರು: ಇಬ್ಬರೂ ಇರುತ್ತಾರೆ, ಒಂದೇ ವಾಕ್ಯದಲ್ಲಿ. ಅವರಿಲ್ಲದೆ ಈ ಪತ್ರ ಕಲಬುರಗಿ ಸೀಮೆಯದ್ದಾಗುವುದಿಲ್ಲ. ಹೊರೆ ಎಂದು ಆಗಲೇ ಅಂದಿರಲ್ಲ, ಅದನ್ನು ಈ ದೇಶ ಹೇಗೆ ಹಂಚಿಕೊಂಡಿತ್ತು ಎಂಬುದನ್ನೂ ಸೇರಿಸೋಣ. 1971ರ ನವೆಂಬರ್ 15ರಿಂದ ದೇಶದೊಳಗಿನ ಬಹುತೇಕ ಟಪಾಲಿನ ಮೇಲೆ ಮಾಮೂಲಿ ದರದ ಜೊತೆ ಇನ್ನೂ 5 ಪೈಸೆಯ ಚೀಟಿ ಅಂಟಿಸಬೇಕಿತ್ತು. ಹೊಸ ಚೀಟಿ ಅಚ್ಚಾಗುವವರೆಗೆ ಕಾಯದೆ, ಕುಟುಂಬ ಯೋಜನೆಯ 5 ಪೈಸೆಯ ಚೀಟಿಯ ಮೇಲೆಯೇ ನಿರಾಶ್ರಿತರ ಪರಿಹಾರ ಎಂಬ ಅರ್ಥದ ಮೇಲಚ್ಚು ಒತ್ತಿದರು. 1973ರವರೆಗೂ ಆ ವಸೂಲಿ ನಡೆಯಿತು. ವಾಡಿಯ ಗಾಡಿಯಲ್ಲಿ ಹೋದ ಟಪಾಲಿಗೂ, ಶಹಾಬಾದಿನ ಕಾರ್ಮಿಕ ಊರಿಗೆ ಬರೆದ ಕಾಗದಕ್ಕೂ ಅದೇ ನಿಯಮ. ಗುರುತು ಪರಿಚಯವಿಲ್ಲದ ಒಂದು ಕೋಟಿ ಜನರಿಗಾಗಿ ಇಲ್ಲಿನವರು ಕಾಗದಕ್ಕೆ 5 ಪೈಸೆ ಕೊಟ್ಟರು, ಕಾನೂನು ಹಾಗೆ ಹೇಳಿತ್ತು, ಕೊಟ್ಟು ಯಾರೂ ಬಡವಾಗಲಿಲ್ಲ. ನಾವು ಈಗ ಕೇಳುತ್ತಿರುವುದೂ ಅಷ್ಟೇ: ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ, ಹೊರೆಯನ್ನು ಹಂಚಿ ಹಗುರ ಮಾಡುವ ಒಂದು ಕಾನೂನು. ಸಹಿಗೆ ಜಾಗ ಬಿಟ್ಟಿದ್ದೇನೆ. ಹೆಸರಿನ ಕೆಳಗೆ ಊರನ್ನೂ ಬರೆಯಿರಿ.